ಧಾರಾವಾಹಿಯ ತಾಯಿ ಸತ್ತಿಲ್ಲ ಎಂದವಳು

ಸಿರುಗುಪ್ಪದಲ್ಲಿ ನಮ್ಮ ಪಕ್ಕದ ಮನೆಯಾಕೆ ಯಾವುದನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಹಾಲನ್ನು ಬೆರಳಿಗೆ ಹಚ್ಚಿ ನೋಡುವಳು, ಸುದ್ದಿ ತಂದವರನ್ನು, "ನೀವು ಕಣ್ಣಾರೆ ನೋಡೀರೇನು?" ಎಂದು ಕೇಳುವಳು.

ಸ್ವಾತಂತ್ರ್ಯ ಬಂದ ಹೊಸತು. ಮಧ್ಯಾಹ್ನ ಓಣಿಯ ಹೆಂಗಸರಿಗೆ ನಾನು ವಾರಪತ್ರಿಕೆಯ ಧಾರಾವಾಹಿ ಓದಿ ಹೇಳುತ್ತಿದ್ದೆ. ಅದರ ನಾಯಕಿ ತವರಿನ ಮಾತು ಬಂದರೆ ನಾಚಿಕೆಯಿಂದ ತಲೆ ತಗ್ಗಿಸುತ್ತಿದ್ದಳು. ಹಳೆಯ ಪ್ರೇಮವಿರಬೇಕೆಂದು ನಮ್ಮೆಲ್ಲರ ಊಹೆ.

"ಅಲ್ರಿ, ಆಕಿ ತಾಯಿ ಇನ್ನಾ ಬದುಕ್ಯಾಳ," ಎಂದಳು ಪಕ್ಕದ ಮನೆಯಾಕೆ.

"ಸತ್ತಾಳಂತ ಕತಿಯೊಳಗ ಐತಲ್ಲ?" ಎಂದೆ.

"ಹಂಗಂತ ಮಗಳು ಹೇಳ್ಯಾಳ. ನೀವು ಕಣ್ಣಾರೆ ನೋಡೀರೇನು?"

ತನಗೂ ತಾಯಿಯಿಲ್ಲವೆಂದೇ ಆಕೆ ನಮಗೆ ಹೇಳಿದ್ದಳು. ಅಂದಿನಿಂದ ನನಗೆ ಅನುಮಾನ ಹತ್ತಿತು. ಕುರುಗೋಡಿನಿಂದ ಒಬ್ಬ ಮುದುಕಿ ಆಗಾಗ ಬಂದು, ಆಕೆಯ ಹಿತ್ತಲಲ್ಲೇ ಉಂಡು ಹೋಗುತ್ತಿದ್ದಳು. ಯಾರೆಂದು ಕೇಳಿದರೆ ಪಕ್ಕದ ಮನೆಯಾಕೆ, "ಹಳೇ ಕೆಲಸದಾಕಿ" ಎನ್ನುತ್ತಿದ್ದಳು. ಇಬ್ಬರ ಗದ್ದವೂ ಒಂದೇ ಥರ ಇತ್ತು.

ಕಡೆಯ ಕಂತಿನಲ್ಲಿ ನಾಯಕಿಯ ತಾಯಿ ಎಂದೋ ಸತ್ತದ್ದು ಖಾತ್ರಿಯಾಯಿತು. ಹೆಂಗಸರೆಲ್ಲ ಪಕ್ಕದ ಮನೆಯಾಕೆಯನ್ನು ನೋಡಿ ನಕ್ಕರು. ಆಕೆ ನಗಲಿಲ್ಲ. ಎದ್ದು ಹೋಗಿ, ಹಿತ್ತಲಲ್ಲಿ ಕೂತಿದ್ದ ಮುದುಕಿಯನ್ನು ಕೈಹಿಡಿದು ಕರೆತಂದಳು.

"ನಮ್ಮವ್ವ. ನಾಟಕದ ಕಂಪನಿಯೊಳಗ ಹಾಡತಿದ್ಲು."

ಒಬ್ಬಿಬ್ಬರು ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆಕೆ ತಾಯಿಯನ್ನು ಚಾಪೆಯ ಮೇಲೆ ಕೂಡಿಸಿ ನನ್ನತ್ತ ತಿರುಗಿದಳು.

"ಮೊದಲಿಂದ ಓದ್ರಿ. ಅವ್ವ ಕೇಳ್ಲಿ."