ಮಾವನ ಪದಗಳ ಪ್ಲೇಲಿಸ್ಟ್

ನನಗೆ ಅಚ್ಚುಕಟ್ಟಿನ ಹುಚ್ಚು. ಹಾಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಊಟ ರುಚಿಸುವುದಿಲ್ಲ. ತಲ್ಲೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಭಜನೆಗೊಂದು, ಭಾವಗೀತೆಗೊಂದು, ಅಡುಗೆ ಮಾಡುವಾಗ ಕೇಳುವುದಕ್ಕೊಂದು ಫೋಲ್ಡರ್ ಇದೆ. ಮಸಾಲೆ ಡಬ್ಬಿಗೂ ಇಷ್ಟು ಶಿಸ್ತಿಲ್ಲ ಎಂದು ಗಂಡ ಅಣಕಿಸುತ್ತಾರೆ. ಅಣಕಿಸಲಿ. ಬೇಕಾದ ಹಾಡು ಸಿಗದಾಗ ಅವರು ಕೇಳುವುದು ನನ್ನನ್ನೇ.

ಅಂಥವಳ ಕೈಗೆ ಹೋದ ವರ್ಷ ಎಂಟು ಹಳೆಯ ಕ್ಯಾಸೆಟ್ ಬಂದರೆ ಹೇಗಾಗಬೇಡ! ಅವು ಕಿರಿಮಂಜೇಶ್ವರದ ನನ್ನ ಸೋದರಮಾವ ಹಾಡಿದ್ದು. ಮಾವ ಹಗಲು ಮೀನಿನ ವ್ಯಾಪಾರಿ, ಯಕ್ಷಗಾನದ ಆಟವಿದ್ದ ದಿನ ಹವ್ಯಾಸಿ ಮೇಳದ ಭಾಗವತ. ಶುರುವಿನ ನಾಲ್ಕು ಪದ ಹಾಡಿ, ಹಿರಿಯ ಭಾಗವತರಿಗೆ ತಾಳ ಒಪ್ಪಿಸಿ ಏಳುವವರು. ಒಮ್ಮೆ ಮಾತ್ರ, ಶಿರೂರಿನಲ್ಲಿ, ಹಿರಿಯರು ಬರಲಾಗದೆ ಇಡೀ ಆಟವನ್ನು ಬೆಳಗಿನವರೆಗೆ ಮಾವನೇ ಹಾಡಿದ್ದರು. ಅದನ್ನು ಟೇಪ್ ಮಾಡಿಕೊಂಡ ಮಾವನ ಗೆಳೆಯ ಮುಂಬೈ ಸೇರಿದರು. ಹೋದ ವರ್ಷ ಮನೆ ಬದಲಿಸುವಾಗ ಸಿಕ್ಕಿತೆಂದು ಕಳಿಸಿಕೊಟ್ಟರು. ಅಷ್ಟರಲ್ಲಿ ಗಂಟಲಿನ ಆಪರೇಷನ್ ಆಗಿ ಮಾವನ ಸ್ವರ ಹೋಗಿತ್ತು. ಈಗ ಪಿಸುಮಾತಷ್ಟೆ.

"ಹೋದ್ ಸ್ವರ ಕೇಂಡ್ ಎಂತ ಮಾಡುದ್ ಹೆಣೆ?" ಎಂದರು ಮಾವ, ಕೇಳಲು ಕರೆದಾಗ. ನಾನು ಕಾಡಿ ಬೇಡಿದ ಮೇಲೆ, "ಒಂದೇ ಸಲ ಕೇಂತೆ. ಮತ್ತ್ ಅದ್ರ ಸುದ್ದಿ ತೆಗೂಕಾಗ" ಎಂದು ಷರತ್ತು ಹಾಕಿ ಒಪ್ಪಿದರು.

ಆ ಒಂದು ಸಲಕ್ಕಾಗಿ ಹದಿನೈದು ದಿನ ಕುಳಿತೆ. ಕ್ಯಾಸೆಟ್ಟಿನ ಚೀಟಿಗಳೆಲ್ಲ ಉದುರಿಹೋಗಿದ್ದವು, ಯಾವುದು ಮೊದಲು, ಯಾವುದು ಕೊನೆ ತಿಳಿಯದು. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಒಂದೊಂದು ಪದವನ್ನೂ ಬೇರೆ ಮಾಡಿ, ರಾಗಕ್ಕೊಂದು ಫೋಲ್ಡರ್ ಮಾಡಿದೆ. ಆ ಸ್ವರ ಮೊದಲ ಸಲ ಕಿವಿಗೆ ಬಿದ್ದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ಎಂಥ ಸ್ವರ ಅದು! ಆಮೇಲೆ ಪ್ಲೇಲಿಸ್ಟ್ ಮಾಡುವಾಗ ಅತಿಬುದ್ಧಿ ಓಡಿಸಿದೆ. ಸ್ಪಷ್ಟವಾಗಿ ಕೇಳಿಸುವುದನ್ನು ಮೇಲೆ ಇಟ್ಟೆ, ಗೊರಗೊರ ಎನ್ನುವುದನ್ನು ಕೆಳಗೆ ತಳ್ಳಿದೆ.

ಭಾನುವಾರ ಮಧ್ಯಾಹ್ನ ಮಾವ ಬಂದರು. ಸ್ಪೀಕರಿನ ಮುಂದೆ ಕೂರಿಸಿ ಪ್ಲೇ ಒತ್ತಿದೆ. ಸ್ವರ ಕೋಣೆ ತುಂಬಿತು. ಮಾವ ಕಣ್ಣು ಮುಚ್ಚಿದರು. ಪದ ಮುಗಿದದ್ದೇ ಕೈಮುಗಿದು ಎದ್ದು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು.

"ಹ್ವಾಯ್ ಮಾವ, ಇನ್ನೂ ಮೂವತ್ತ್ ಪದ ಇತ್ತ್!"

"ಮಂಗಳ ಆಯ್ತಲೆ. ಮಂಗಳ ಆದ್ಮೇಲೆ ಯಾರ್ ಕೂಕಂತ್ರ್?"

ಆಟ ಮುಗಿದಾಗ ಹಾಡುವ ಮಂಗಳವನ್ನೇ ಮೊದಲಿಗೆ ಇಟ್ಟಿದ್ದೆ! ಬೆಳಗಾಗುವಾಗ ಜನ ಕರಗಿ, ಕಡಲೆ ಮಾರುವವರೂ ಹೋಗಿರುತ್ತಾರೆ, ಗಲಾಟೆ ಇಲ್ಲದ್ದರಿಂದ ಅದೇ ಎಲ್ಲಕ್ಕಿಂತ ಸ್ಪಷ್ಟ. ನಾನು ಶಬ್ದ ಕೇಳಿದ್ದೆ, ಪದ ಕೇಳಿರಲಿಲ್ಲ. ಮಾವ ಕೊಟ್ಟ ಒಂದೇ ಒಂದು ಸಲವನ್ನು ಹೀಗೆ ಹಾಳು ಮಾಡಿದೆನಲ್ಲ ಎಂದು ಅಳು ಬಂತು, ನನ್ನ ಮೇಲೇ ಸಿಟ್ಟೂ ಬಂತು. ಓಡಿಹೋಗಿ ಗೇಟಿಗೆ ಅಡ್ಡ ನಿಂತೆ.

"ತಪ್ಪ್ ನಂದ್ ಮಾವ. ನಂಗ್ ಕ್ರಮ ಗೊತ್ತಿಲ್ಲೆ. ನೀವೇ ಹೇಳಿ, ಮೊದ್ಲ್ ಯಾವ್ದ್?"

ಮಾವ ಚಪ್ಪಲಿ ಬಿಡಲಿಲ್ಲ. ಆದರೆ ಕಿಟಕಿಯ ಹತ್ತಿರ ಬಂದು, ಅಂಗಳದಲ್ಲೇ ನಿಂತು, "ಒಡ್ಡೋಲಗದ್ದ್ ಎಲ್ಲಿತ್ತ್?" ಎಂದರು. ನಾನು ಒಳಗೆ ಓಡಿ, ರಾಜನ ಪ್ರವೇಶದ ಆ ಪದವನ್ನು ಹುಡುಕಿ ಮೇಲಕ್ಕೆ ತಂದೆ. ಎರಡು ಸಾಲು ಕೇಳುತ್ತಲೇ ಮುಂದಿನದನ್ನು ಹೇಳಿದರು. "ಅದಲ್ಲ ಮರಾಯ್ತಿ, ಅದ್ ಯುದ್ಧಕ್ಕೆ!" ನಾಲ್ಕನೆಯ ಪದಕ್ಕೆ ಒಳಗೆ ಬಂದರು. ಹತ್ತನೆಯದಕ್ಕೆ ಒಂದು ಕೈ ಮೇಜಿನ ಮೇಲೆ ತಾಳ ಹಾಕುತ್ತಿತ್ತು, ಇನ್ನೊಂದು ಕೈಯಲ್ಲಿ ಮೌಸ್! ನನ್ನ ರಾಗದ ಫೋಲ್ಡರುಗಳೆಲ್ಲ ಒಂದೊಂದಾಗಿ ಬರಿದಾದವು, ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ. ಯುದ್ಧದ ಪದ ಬಂದಾಗ ಇಬ್ಬರೂ ಎದ್ದು ನಿಂತಿದ್ದೆವು. ಚಹಾ ಎರಡು ಸಲ ಆರಿತು.

ಕೊನೆಗೆ ಮಂಗಳವೊಂದೇ ಉಳಿಯಿತು. ಈ ಸಲ ತಪ್ಪಬಾರದೆಂದು ಅದನ್ನು ಎಲ್ಲಕ್ಕಿಂತ ಕೆಳಗೆ ಇಡಲು ಹೋದೆ. ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು.

"ಅದ್ ಹಾಕ್ಬೇಡ ಹೆಣೆ. ಬಪ್ಪ ಆಯ್ತವಾರವೂ ಬತ್ತೆ. ಪದ ಇನ್ನೂ ಕೇಣ್ಕ್."