ನಾನು ಬೂದು ಬಣ್ಣ ಹಚ್ಚಿದ ಜಾಗ

ಕೇಳಿ ಇಲ್ಲಿ, ನಗರ ಯೋಜನೆ ಓದ್ತಿದ್ದೀನಲ್ಲ, ಇವತ್ತು ಊಟಿ ಪಕ್ಕದ ನಮ್ಮ ಹಟ್ಟಿಯದೇ ನಕ್ಷೆ ಮಾಡಿ ಮೈಸೂರಿನ ಕ್ಲಾಸಲ್ಲಿ ತೋರಿಸಿದೆ. ಮೇಷ್ಟ್ರು ಒಂದು ಬೂದು ಚೌಕದ ಮೇಲೆ ಬೆರಳಿಟ್ಟರು.

"ಬೆಟ್ಟದಲ್ಲಿ ಇಷ್ಟು ಸಮತಟ್ಟು ಖಾಲಿ ಜಾಗ! ಟೂರಿಸ್ಟ್ ಕಾರುಗಳಿಗೆ ಪಾರ್ಕಿಂಗ್ ಮಾಡಿಬಿಡಿ."

"ಸರ್, ಅದು ನಮ್ಮ ಸ್ಮಶಾನ. ಹೋದ ತಿಂಗಳು ಅಜ್ಜಿಯನ್ನ ಅಲ್ಲೇ ಮಣ್ಣು ಮಾಡಿದ್ವಿ."

"ಮತ್ತೆ ಖಾಲಿ ಅಂತ ಬೂದು ಹಚ್ಚಿದವರು ಯಾರು?"

ನಾನೇ. ನಮ್ಮಲ್ಲಿ ಗೋರಿ ಕಟ್ಟಲ್ಲ, ಮೇಲೆ ಹುಲ್ಲು ಬೆಳೆಯುತ್ತೆ ಅಷ್ಟೇ. ಕಟ್ಟಡ ಇಲ್ಲದ ಜಾಗಕ್ಕೆಲ್ಲ ಬೂದು ಅಂತ ಅವರೇ ಕಲಿಸಿದ್ದರು, ಕಣ್ಣು ಮುಚ್ಚಿಕೊಂಡು ಹಚ್ಚಿದ್ದೆ.

ಮಾರ್ಕ್ಸ್ ಚೆನ್ನಾಗೇ ಬಂದಿದೆ. ಅಜ್ಜಿಗೆ ಮಣ್ಣು ಹಾಕಿದ ಇದೇ ಕೈ ಹಚ್ಚಿದ ಬಣ್ಣ ಎಲ್ಲೂ ಗೆರೆ ದಾಟಿಲ್ಲವಂತೆ.