ಎಲೆ ಚಿತ್ರದ ಬಾಟಲಿ

ಗೆಳೆಯರೇ, ಇಂದು ಗೋಕಾಕದ ಅಂಗಡಿಯಲ್ಲಿ ನನ್ನ ಬಿ.ಎ. ಇಂಗ್ಲಿಷಿನ ಮಾನ ಹೋಯಿತು, ಆದರೆ ಒಂದು ಮಲ್ಲಿಗೆ ಗಿಡ ಉಳಿಯಿತು.

ಪಾತ್ರೆ ತೊಳೆದ ನೀರನ್ನು ಹಿತ್ತಲ ಮಲ್ಲಿಗೆಗೆ ಹಾಕುವುದು ನನ್ನ ಹೆಂಡತಿಯ ರೂಢಿ. ಅವಳು ಹೋದ ಮೇಲೂ ನಾನು ಬಿಟ್ಟಿಲ್ಲ. ಅವಳು ಬೂದಿಯಲ್ಲಿ ತಿಕ್ಕುತ್ತಿದ್ದಳು, ನನಗೆ ಸಾಬೂನಿನ ನೀರೇ ಸುಲಭ. ಇಂದು ಅಂಗಡಿಯಲ್ಲಿ ಪಾತ್ರೆ ತೊಳೆಯುವ ಸಾಬೂನಿನ ನೀರಿನ ಹೊಸ ಬಾಟಲಿ ಕಂಡಿತು, ಮೈತುಂಬ ಎಲೆ ಚಿತ್ರ, ಮೇಲೆ ಇಂಗ್ಲಿಷಿನಲ್ಲಿ 'ಇಕೋ ಫ್ರೆಂಡ್ಲಿ'.

"ಇಕೋ ಫ್ರೆಂಡ್ಲಿ ಅಂದ್ರ ಗಿಡದ ಗೆಳೆಯ. ನೇಚರ್ ಈಸ್ ದ ಬೆಸ್ಟ್... ಮುಂದ ಏನೋ ಇತ್ತು, ಮರ್ತೇನಿ," ಎಂದೆ.

ಅಂಗಡಿಯ ನೀಲವ್ವ ನಕ್ಕಳು. "ಫೋಟೋ ನೋಡಿ ಹೆಣ್ಣ ಒಪ್ಪಿದಂಗ ಆತಲ್ರಿ ಕಾಕಾ. ಹೊಳ್ಳಿಸಿ ಓದ್ರಿ."

ಹಿಂದೆ ಇರುವೆಯಂಥ ಅಕ್ಷರಗಳಲ್ಲಿತ್ತು: ತೊಳೆದ ನೀರನ್ನು ಗಿಡಗಳಿಗೆ ಹಾಕಬಾರದು.

"ಮತ್ತ ಇದರಾಗ ಹಸಿರು ಏನೈತಿ?"

"ಬಾಟ್ಲಿ ಬಣ್ಣರಿ. ಇದನ್ನ ನಂಬಿ ನಮ್ಮ ತುಳಸಿ ಒಣಗೇತಿ, ಅದಕ್ಕ ಹೇಳಿದೆ."

ಮಾರಬೇಕಾದವಳೇ ಬಾಟಲಿಯನ್ನು ಕಸಿದು ಒಳಗಿಟ್ಟಳು. ತನ್ನ ಒಲೆಯ ಬೂದಿಯನ್ನು ಚೀಲದಲ್ಲಿ ತುಂಬಿಕೊಟ್ಟಳು. ನೀಲವ್ವಾ, ನಿನಗೆ ಶರಣು.

ಈ ಚೀಲದ ಮೇಲೆ ಹಿಂದೆ ಮುಂದೆ ಏನೂ ಬರೆದಿಲ್ಲ. ನನ್ನ ಇಂಗ್ಲಿಷಿಗೂ ಇನ್ನು ವಿಶ್ರಾಂತಿ.